ಕೊನೆಯ ವಿಂಡೋ ಮುಚ್ಚಿದ ಮೇಲೆ

ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರ 1973ರಲ್ಲಿ ಕಟ್ಟಿದ ಆಲ್ಟೋ ಗಣಕದ ಪರದೆ ಅಗಲದಲ್ಲಿ 606, ಎತ್ತರದಲ್ಲಿ 808 ಚುಕ್ಕಿಗಳಷ್ಟಿತ್ತು. ಎರಡು ಕೆಲಸಗಳನ್ನು ಅಕ್ಕಪಕ್ಕ ಇಡಲು ಅಷ್ಟು ಜಾಗ ಸಾಲದು. ಅಲ್ಲಿನ ಸಂಶೋಧಕ ಅಲನ್ ಕೇ ಬಳಗ ಕಂಡುಕೊಂಡ ದಾರಿ, ಮೇಜಿನ ಮೇಲೆ ಕಾಗದ ಹರಡಿಕೊಂಡ ಹಾಗೆ ವಿಂಡೋಗಳನ್ನು ಒಂದರ ಮೇಲೊಂದು ಪೇರಿಸುವುದು. ಜಾಗದ ತೊಂದರೆ ತಕ್ಕಮಟ್ಟಿಗೆ ತೀರಿತು. ಅಡಿಯಲ್ಲಿ ಸಿಕ್ಕಿಕೊಂಡದ್ದನ್ನು ಮತ್ತೆ ಮೇಲೆ ತರುವ ತೊಂದರೆ ಶುರುವಾಯಿತು. ಅಲ್ಲಿಂದೀಚೆಗೆ ನಡೆದ ಪ್ರಯತ್ನಗಳಲ್ಲಿ ಹೆಚ್ಚಿನವು ಈ ಎರಡನೆಯ ತೊಂದರೆಗೆ ಹುಡುಕಿದ ಮದ್ದುಗಳೇ.

ಪೇರಿಸುವುದೇ ಸರಿ ಎಂದು ಆಗ ಎಲ್ಲರೂ ಒಪ್ಪಿರಲಿಲ್ಲ. ಅದೇ ಝೆರಾಕ್ಸ್ 1981ರಲ್ಲಿ ಮಾರಾಟಕ್ಕೆ ತಂದ ಸ್ಟಾರ್ ಯಂತ್ರದಲ್ಲಿ ಕಡತಗಳ ವಿಂಡೋಗಳು ಒಂದನ್ನೊಂದು ಮುಚ್ಚದೆ ಅಕ್ಕಪಕ್ಕ ಕೂರುತ್ತಿದ್ದವು. 1985ರ ವಿಂಡೋಸ್ 1.0 ಕೂಡ ಅದೇ ಜಾಡಿನದು. ಪೇರಿಸುವ ಸೌಲಭ್ಯ ಅದಕ್ಕೆ ಬಂದದ್ದು 1987ರ ಎರಡನೆಯ ಆವೃತ್ತಿಯಲ್ಲಿ. 1986ರಲ್ಲಿ ಸಂಶೋಧಕರಾದ ಸಾರಾ ಬ್ಲೈ ಮತ್ತು ಜ್ಯಾರೆಟ್ ರೋಸನ್‌ಬರ್ಗ್ ಎರಡೂ ಪದ್ಧತಿಗಳನ್ನು ಹೋಲಿಸಿ ನೋಡಿದರು. ಎಳೆದಾಟ ಹೆಚ್ಚು ಬೇಡದ ಕೆಲಸಕ್ಕೆ ಅಕ್ಕಪಕ್ಕದ ಜೋಡಣೆ ಚುರುಕು; ಎಳೆದಾಟ ಬೇಕಾದಲ್ಲಿ ಕೈ ಪಳಗಿದವರಿಗೆ ಪೇರಿಸುವುದೇ ಲೇಸು ಎಂಬುದು ಅವರಿಗೆ ಕಂಡದ್ದು. ಅಷ್ಟರಲ್ಲಿ ಮ್ಯಾಕಿಂತಾಷ್ ಬಂದು ಎರಡು ವರ್ಷವಾಗಿತ್ತು, ಪೇರಿಸಿದ ಪರದೆಯೇ ಜನರ ಕಣ್ಣಿಗೆ ಹೊಸ ಕಾಲದ್ದಾಗಿ ಕಾಣುತ್ತಿತ್ತು.

ಈ ಇತಿಹಾಸದಲ್ಲಿ ನನಗೆ ಅತ್ಯಂತ ತೂಕದ್ದೆನಿಸುವುದು ಅದೇ 1986ರ ಇನ್ನೊಂದು ಕೆಲಸ. ಪಾರ್ಕ್‌ನ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ 'ರೂಮ್ಸ್' ಎಂಬ ವ್ಯವಸ್ಥೆ ಕಟ್ಟಿದರು. ಜನ ವಿಂಡೋಗಳನ್ನು ಬಿಡಿಬಿಡಿಯಾಗಿ ಬಳಸುವುದಿಲ್ಲ, ಒಂದು ಕೆಲಸಕ್ಕೆ ಒಂದು ಗುಂಪು ಎಂಬಂತೆ ಬಳಸುತ್ತಾರೆ. ಕೆಲಸ ಬದಲಾದಾಗ ಗುಂಪಿಗೆ ಗುಂಪೇ ಬದಲಾಗಬೇಕು ಎಂಬುದು ಅವರ ವಾದ. ಮೆಮೊರಿ ಸಾಲದ ಗಣಕ ಡಿಸ್ಕ್‌ಗೂ ಮೆಮೊರಿಗೂ ಪುಟ ಸಾಗಿಸುವುದರಲ್ಲೇ ಹೊತ್ತು ಕಳೆಯುತ್ತದಲ್ಲ, ಪರದೆ ಸಾಲದ ಮನುಷ್ಯನೂ ಹಾಗೆಯೇ ವಿಂಡೋ ಸರಿಸುವುದರಲ್ಲೇ ದಣಿಯುತ್ತಾನೆ ಎಂದು ಅವರು ಲೆಕ್ಕ ಹಾಕಿದ್ದರು. ಪ್ರತಿ ಗುಂಪಿಗೂ ಒಂದು ಕೋಣೆ. ಒಂದೇ ವಿಂಡೋ ಎರಡು ಕೋಣೆಗಳಲ್ಲಿ ಇರಬಹುದಿತ್ತು; ಕೋಣೆಯಿಂದ ಕೋಣೆಗೆ ಬಾಗಿಲುಗಳಿದ್ದವು. ಈ ವಿಚಾರ ಯುನಿಕ್ಸ್ ಲೋಕಕ್ಕೆ 1990ರ ದಶಕದಲ್ಲೇ ದಾಟಿತು. ಮ್ಯಾಕ್‌ಗೆ 'ಸ್ಪೇಸಸ್' ಆಗಿ ಬರಲು 2007 ಆಗಬೇಕಾಯಿತು, ವಿಂಡೋಸ್‌ನ ಒಡಲಿಗೆ ಸೇರಲು 2015. ಅಷ್ಟು ತಡವೇಕೆ ಎಂಬುದಕ್ಕೆ ಸಮರ್ಪಕ ಕಾರಣ ನನಗಂತೂ ಕಾಣುವುದಿಲ್ಲ.

ಮಧ್ಯದ ವರ್ಷಗಳನ್ನು ನಡೆಸಿದ್ದು ಆಲ್ಟ್-ಟ್ಯಾಬ್ ಕೀಲಿಜೋಡಿ ಮತ್ತು ವಿಂಡೋಸ್‌ನ 1995ರ ಟಾಸ್ಕ್‌ಬಾರ್. ಆಲ್ಟ್-ಟ್ಯಾಬ್ ತೀರಾ ಸರಳ, ತೀರಾ ಜಾಣ: ಕಡೆಗೆ ಬಳಸಿದ ವಿಂಡೋ ಮೊದಲು ಸಿಗುವುದರಿಂದ ಎರಡರ ನಡುವೆ ಓಡಾಡಲು ಒಂದೇ ಒತ್ತು ಸಾಕು. 2003ರಲ್ಲಿ ಆಪಲ್‌ನ 'ಎಕ್ಸ್‌ಪೋಸೆ' ಎಲ್ಲ ವಿಂಡೋಗಳನ್ನೂ ಕುಗ್ಗಿಸಿ ಒಟ್ಟಿಗೆ ಹರಡಿ ತೋರಿಸಿತು. ಹೆಸರು ಓದುವ ಬದಲು ಚಿತ್ರ ನೋಡಿ ಗುರುತಿಸಬಹುದಾಯಿತು. ವಿಂಡೋಸ್ ವಿಸ್ಟಾದ 'ಫ್ಲಿಪ್ 3ಡಿ' ಅವನ್ನೇ ಓರೆಯಾಗಿ ಸಾಲು ನಿಲ್ಲಿಸಿತು. ಪ್ರದರ್ಶನಕ್ಕೆ ಚೆನ್ನ, ಕೆಲಸಕ್ಕೆ ಅಷ್ಟಕ್ಕಷ್ಟೆ. ವಿಂಡೋಸ್ 8ರ ಹೊತ್ತಿಗೆ ಅದು ಇರಲಿಲ್ಲ.

ಇದೆಲ್ಲ ಕಾರ್ಯಾಚರಣ ವ್ಯವಸ್ಥೆಯ ಮಾತಾಯಿತು. ಒಂದೇ ಅಪ್ಲಿಕೇಶನ್ನು ಹತ್ತು ವಿಂಡೋ ತೆರೆದರೆ? ಮೈಕ್ರೋಸಾಫ್ಟ್‌ನ ಮೊದಲ ಉತ್ತರ ಎಂಡಿಐ: ಒಂದು ದೊಡ್ಡ ಚೌಕಟ್ಟು, ಅದರೊಳಗೆ ಮರಿ ವಿಂಡೋಗಳು, ಅವುಗಳ ಪಟ್ಟಿಗೊಂದು ಮೆನು. ಎರಡು ಮಾನಿಟರ್ ಇಟ್ಟುಕೊಳ್ಳುವ ಕಾಲ ಬಂದಾಗ ಇದರ ಕುಂದು ಬಯಲಾಯಿತು. ಮರಿಗಳು ಚೌಕಟ್ಟು ದಾಟಲಾರವು, ಎರಡು ಲೆಕ್ಕದ ಹಾಳೆಗಳನ್ನು ಎರಡು ಪರದೆಗಳಲ್ಲಿ ನೋಡುವುದೆಂದರೆ ಹರಸಾಹಸ. ಎಕ್ಸೆಲ್ ಪ್ರತಿ ಕಡತಕ್ಕೂ ಸ್ವತಂತ್ರ ವಿಂಡೋ ಕೊಟ್ಟದ್ದು 2013ರಲ್ಲಿ. ಅತ್ತ ಚಿತ್ರ ತಿದ್ದುವ ಗಿಂಪ್ ಮೊದಲಿನಿಂದಲೂ ಚೆಲ್ಲಾಪಿಲ್ಲಿ ವಿಂಡೋಗಳ ತಂತ್ರಾಂಶ. ಬಳಕೆದಾರರು ವರ್ಷಗಟ್ಟಲೆ ಗೊಣಗಿದ ಮೇಲೆ 2012ರ 2.8ನೇ ಆವೃತ್ತಿಯಲ್ಲಿ ಎಲ್ಲವನ್ನೂ ಒಂದೇ ವಿಂಡೋದಲ್ಲಿ ಇಡುವ ಆಯ್ಕೆ ಬಂತು. ಒಂದು ಬಿಚ್ಚುತ್ತಿದ್ದಾಗ ಇನ್ನೊಂದು ಕಟ್ಟುತ್ತಿತ್ತು. ಬ್ರೌಸರ್‌ಗಳು ಜನಪ್ರಿಯಗೊಳಿಸಿದ ಟ್ಯಾಬ್‌ಗಳು ಈ ಎರಡರ ನಡುವಿನ ರಾಜಿ, ಅದರಲ್ಲೂ ಎಳೆದು ಹೊರಗಿಟ್ಟರೆ ಸ್ವತಂತ್ರ ವಿಂಡೋ ಆಗುವ ಟ್ಯಾಬ್.

ಕೋಡ್ ಬರೆಯುವವರ ಪಾಲಿನ ಕಥೆಯೇ ಬೇರೆ, ಅದರ ಮೇಲೆ ಬರೆದವರು ಕಡಿಮೆ. 1991ರ ವಿಷುಯಲ್ ಬೇಸಿಕ್ ಒಂದು ಫಾರ್ಮಿನಿಂದ ಇನ್ನೊಂದನ್ನು ತೆರೆಯುವುದನ್ನು ಒಂದೇ ಸಾಲಿನ ಕೆಲಸ ಮಾಡಿತು. ಸುಲಭವಾದದ್ದರಿಂದಲೇ ಕೆಟ್ಟಿತು. ಲಾಗಿನ್ ಫಾರ್ಮ್ ತನ್ನನ್ನು ಅಡಗಿಸಿಕೊಂಡು ಮುಖ್ಯ ಫಾರ್ಮನ್ನು ತೆರೆಯುತ್ತದೆ, ಅದು ಮೂರನೆಯದನ್ನು. ಬಳಕೆದಾರ ಕಣ್ಣಿಗೆ ಕಂಡ ಕೊನೆಯ ವಿಂಡೋ ಮುಚ್ಚಿ ಎದ್ದುಹೋದರೂ ಅಡಗಿ ಕುಳಿತ ಮೊದಲ ಫಾರ್ಮ್ ಪ್ರೋಗ್ರಾಮನ್ನು ಸಾಯಲು ಬಿಡುವುದಿಲ್ಲ; ಟಾಸ್ಕ್ ಮ್ಯಾನೇಜರ್ ತೆರೆದರೆ ಇನ್ನೂ ಅಲ್ಲೇ ಇರುತ್ತದೆ. 2006ರಲ್ಲಿ ಬಂದ, ವಿಂಡೋ ಕಟ್ಟುವ ಮೈಕ್ರೋಸಾಫ್ಟ್‌ನ ಸಾಧನ ಡಬ್ಲ್ಯೂಪಿಎಫ್ ಇದನ್ನು ನೇರ ಪ್ರಶ್ನೆಯಾಗಿಸಿತು: ಕೊನೆಯ ವಿಂಡೋ ಮುಚ್ಚಿದಾಗ ನಿಲ್ಲಬೇಕೋ, ಮುಖ್ಯ ವಿಂಡೋ ಮುಚ್ಚಿದಾಗಲೋ, ಹೇಳಿದಾಗ ಮಾತ್ರವೋ? ಒಂದನ್ನು ಆರಿಸಿ ಎಂದಿತು. ಆದರೆ ಅಲ್ಲೂ ಸಂವಾದದ ವಿಂಡೋಗೆ ಒಡೆಯ ಯಾರೆಂದು ಬರೆಯಲು ಮರೆತರೆ ಅದು ಮುಖ್ಯ ವಿಂಡೋದ ಹಿಂದೆ ಅಡಗಬಹುದು. ಆಗ ಯಾವ ಗುಂಡಿ ಒತ್ತಿದರೂ ಬರೀ ಟಣ್ ಎನ್ನುವ ಸದ್ದು. ಪ್ರೋಗ್ರಾಮ್ ಕೆಟ್ಟಿಲ್ಲ, ಕಾಣದ ಪ್ರಶ್ನೆಗೆ ಉತ್ತರ ಕಾಯುತ್ತಿದೆ ಅಷ್ಟೆ. ಉತ್ತರಿಸುವ ತನಕ ಬೇರೇನನ್ನೂ ಮುಟ್ಟಗೊಡದ ಇಂಥ ಸಂವಾದಗಳನ್ನು ಮೋಡಲ್ ಎನ್ನುತ್ತಾರೆ; ಪಾರ್ಕ್‌ನ ಲ್ಯಾರಿ ಟೆಸ್ಲರ್‌ಗೆ ಮೋಡ್‌ಗಳೆಂದರೇ ಆಗುತ್ತಿರಲಿಲ್ಲ. ತಮ್ಮ ಕಾರಿನ ನಂಬರ್ ಫಲಕದಲ್ಲೂ 'ನೋಮೋಡ್ಸ್' ಎಂದೇ ಬರೆಸಿಕೊಂಡಿದ್ದರು.

2005ರ ನಂತರ ಹಬ್ಬಿದ ಎಂವಿವಿಎಂ ವಿನ್ಯಾಸ ಲೆಕ್ಕಾಚಾರದ ಕೋಡಿಗೆ ವಿಂಡೋಗಳ ಪರಿಚಯವೇ ಇರಬಾರದು ಎಂದಿತು. ಹಾಗಾದರೆ ತೆರೆಯುವವರು ಯಾರು? ಇದಕ್ಕೆಂದೇ ಬೇರೆ ಒಂದು ಸೇವೆ ಬರೆದು, ತೆರೆಯುವ, ಮುಚ್ಚುವ, ಹಿಂತಿರುಗುವ ಹೊಣೆಯನ್ನೆಲ್ಲ ಅದಕ್ಕೊಪ್ಪಿಸುವ ರೂಢಿ ಬೆಳೆಯಿತು. ಸಣ್ಣ ಪ್ರೋಗ್ರಾಮಿಗೆ ಇದು ಅತಿ ಎನಿಸೀತು. ಐದಾರು ವಿಂಡೋ ದಾಟಿದ ಮೇಲೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ: ಯಾವ ವಿಂಡೋವೂ ಇನ್ನೊಂದನ್ನು ನೇರವಾಗಿ ತೆರೆಯಬಾರದು.

ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವವರಲ್ಲಿ ಒಂದು ಕೋರಿಕೆ. ಬಿಡುಗಡೆಗೆ ಮುನ್ನ ಎರಡನೆಯ ಮಾನಿಟರಿನ ತಂತಿ ಕಿತ್ತು ನಿಮ್ಮ ಪ್ರೋಗ್ರಾಮನ್ನು ಒಮ್ಮೆ ತೆರೆಯಿರಿ. ನಿನ್ನೆ ಅಲ್ಲಿದ್ದ ವಿಂಡೋ ಇಂದು ಇಲ್ಲದ ಪರದೆಯ ಮೇಲೆ ಮೂಡಿದರೆ, ಬಳಕೆದಾರ ಕರೆ ಮಾಡುವುದು ನಿಮಗೇ.