ಗ್ರೇನು, ಡ್ರಾಮು, ಮಿಲಿಗ್ರಾಮು

ಕೋವಿಡ್ ಕಾಲದಲ್ಲಿ ಮನೆಮನೆಯ ಔಷಧಿ ಡಬ್ಬಿ ಸೇರಿದ ಡೋಲೋ 650 ನಮ್ಮ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಕಂಪನಿಯದು. ಆ 650 ಎಲ್ಲಿಂದ ಬಂತು, 600 ಯಾಕಾಗಲಿಲ್ಲ, 700 ಯಾಕಾಗಲಿಲ್ಲ ಎಂದು ನರ್ಸಿಂಗ್ ಮೊದಲ ವರ್ಷದ ಮಕ್ಕಳನ್ನು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಿವೃತ್ತಿಯಾದ ಮೇಲೂ ಆಗೀಗ ಪಾಠಕ್ಕೆ ಕರೆಯುತ್ತಾರೆ, ನಾನೂ ಮೊದಲ ದಿನ ಇದನ್ನೇ ಕೇಳುತ್ತೇನೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಹತ್ತು ಗ್ರೇನಿಗೆ 650. ಐದು ಗ್ರೇನಿನ ಆಸ್ಪಿರಿನ್ ಮಾತ್ರೆ 325 ಆಯಿತು. ಮೂರ್ಛೆರೋಗಕ್ಕೆ ಕೊಡುವ ಗಾರ್ಡಿನಾಲ್ 30, 60 ಎಂದು ಬರುವುದು ಅರ್ಧ ಗ್ರೇನ್, ಒಂದು ಗ್ರೇನಿನ ಲೆಕ್ಕದಲ್ಲಿ. ಆಟ್ರೋಪಿನ್ ಆಂಪೂಲಿನ ಮೇಲೆ 0.6 ಮಿಲಿಗ್ರಾಂ ಎಂದಿರುತ್ತದಲ್ಲ, ಅದು ಒಂದು ಗ್ರೇನಿನ ನೂರನೇ ಒಂದು ಭಾಗ. ಗ್ರೇನ್ ಎಂಬ ಅಳತೆ ಸತ್ತು ಎಷ್ಟೋ ಕಾಲವಾದರೂ ಅದರ ಲೆಕ್ಕವನ್ನು ನಾವಿನ್ನೂ ನುಂಗುತ್ತಿದ್ದೇವೆ.

ಈ ಗ್ರೇನು ನಮ್ಮಲ್ಲಿಗೆ ಬಂದದ್ದು ಇಂಗ್ಲಿಷರ ಆಸ್ಪತ್ರೆಗಳ ಜೊತೆ. 1864ರಲ್ಲಿ ಬ್ರಿಟಿಷ್ ಫಾರ್ಮಕೋಪಿಯಾ ಮೊದಲ ಬಾರಿ ಅಚ್ಚಾಯಿತು. ವೈಸ್‌ರಾಯ್ ಕರ್ಜನ್ 1900ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು ಉದ್ಘಾಟಿಸುವ ಹೊತ್ತಿಗೆ ದೊಡ್ಡಾಸ್ಪತ್ರೆಗಳ ಔಷಧಿಯೆಲ್ಲ ಆ ಪುಸ್ತಕದ ಅಳತೆಯಲ್ಲೇ ನಡೆಯುತ್ತಿತ್ತು. ಪುಡಿಗೆ ಗ್ರೇನು, ನೀರೌಷಧಿಗೆ ಮಿನಿಮ್, ಡ್ರಾಮು, ಔನ್ಸು. ಅರವತ್ತು ಮಿನಿಮಿಗೆ ಒಂದು ಡ್ರಾಮು, ಎಂಟು ಡ್ರಾಮಿಗೆ ಒಂದು ಔನ್ಸು. ಆಸ್ಪತ್ರೆಯ ಬಾಗಿಲಾಚೆ ನಾಟಿ ಪಂಡಿತರು ಗುಲಗಂಜಿ ತೂಕದಲ್ಲೂ ಅಂಗಡಿಯವರು ತೊಲದಲ್ಲೂ ಅಳೆಯುತ್ತಿದ್ದರು. ಸರ್ಕಾರ ಆ ತೊಲವನ್ನೂ ಬಿಡದೆ 180 ಗ್ರೇನಿಗೆ ಕಟ್ಟಿಹಾಕಿತ್ತು.

1956ರಲ್ಲಿ ತೂಕ-ಅಳತೆಯ ಕಾಯ್ದೆ ಬಂತು. 1958ರಿಂದ ಪೇಟೆಯಲ್ಲಿ ಕಿಲೋ, ಗ್ರಾಮು ಶುರುವಾದವು. ದಿನಸಿ ಅಂಗಡಿಯವನು ಸೇರು ಬಿಟ್ಟ, ಬಟ್ಟೆ ಅಂಗಡಿಯವನು ಗಜ ಬಿಟ್ಟ. ವಾರ್ಡಿನಲ್ಲಿ ಮಾತ್ರ ಹಳೆಯದು ಹೋಗಲಿಲ್ಲ, ಹೊಸದು ಬಾರದೆ ಇರಲಿಲ್ಲ. ನಾನು 1970ರ ಸುಮಾರಿಗೆ ಸರ್ಕಾರಿ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಸೇರಿದಾಗ ಮಾತ್ರೆಯ ಶೀಶೆಯ ಮೇಲೆ ಮಿಲಿಗ್ರಾಂ ಇರುತ್ತಿತ್ತು, ಹಿರಿಯ ಡಾಕ್ಟರರ ಚೀಟಿಯಲ್ಲಿ ಗ್ರೇನ್ ಇರುತ್ತಿತ್ತು, ಅದೂ ರೋಮನ್ ಅಂಕಿಯಲ್ಲಿ. ಗ್ರೇನಿಗೂ ಗ್ರಾಮಿಗೂ ಬರೆಯುತ್ತಿದ್ದ ಸಂಕ್ಷೇಪಗಳ ನಡುವೆ ಒಂದಕ್ಷರದ ಅಂತರ. ಔಷಧಿಯಲ್ಲಿ ಅದು ಹದಿನೈದು ಪಟ್ಟಿನ ಅಂತರ.

ನನ್ನ ಕೇಳಿದರೆ, ಔಷಧಿ ಕೊಡುವ ಕೆಲಸದ ಇತಿಹಾಸವೆಂದರೆ ಇಂಥ ಜೋಡಿ ಅಳತೆಗಳ ಇತಿಹಾಸ. ಹಳೆಯ ಅಳತೆಯೊಂದೇ ಇದ್ದಾಗ ಆಗದ ಅನಾಹುತ, ಹೊಸದೊಂದೇ ಇದ್ದಾಗಲೂ ಆಗದ್ದು, ಎರಡೂ ಒಂದೇ ಕಪಾಟಿನಲ್ಲಿ ಕೂತಾಗ ಆಗುತ್ತದೆ. ಈಗಿನ ಮಕ್ಕಳು ಬಾಯಿಪಾಠ ಮಾಡುವ ನಿಯಮಗಳಲ್ಲಿ ಬಹಳಷ್ಟು ಹುಟ್ಟಿದ್ದು ಅಲ್ಲೇ.

ಆಪರೇಷನ್ನಿಗೆ ಮುಂಚೆ ಆಟ್ರೋಪಿನ್ ಕೊಡುವುದನ್ನೇ ತೆಗೆದುಕೊಳ್ಳಿ. ನಮ್ಮ ಟ್ಯೂಟರ್ ಮಂಗಳೂರಿನ ಕಡೆಯವರು, ಬಿಳಿ ಸೀರೆ, ಸಿಟ್ಟು ಮೂಗಿನ ತುದಿಯಲ್ಲಿ. "ನೂರರಲ್ಲೊಂದು ದೊಡ್ಡದೋ ನೂರೈವತ್ತರಲ್ಲೊಂದು ದೊಡ್ಡದೋ ಹೇಳಮ್ಮ" ಎಂದು ಒಬ್ಬೊಬ್ಬರನ್ನೇ ನಿಲ್ಲಿಸುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದವರೂ ನೂರೈವತ್ತು ಎಂದುಬಿಡುತ್ತಿದ್ದರು. ನಮಗೆ ಕೊಡುತ್ತಿದ್ದ ಲೆಕ್ಕ ಹೀಗೆ: ಕೈಯಲ್ಲಿರುವ ಮಾತ್ರೆ 1/100 ಗ್ರೇನ್, ಬೇಕಾದದ್ದು 1/150. ಬೇಕಾದದ್ದನ್ನು ಇರುವುದರಿಂದ ಭಾಗಿಸಿದರೆ ಮೂರರಲ್ಲಿ ಎರಡು ಪಾಲು. ಮಾತ್ರೆಯನ್ನು 15 ಮಿನಿಮ್ ನೀರಿನಲ್ಲಿ ಕರಗಿಸಿ 10 ಮಿನಿಮ್ ಎಳೆದುಕೊಳ್ಳಬೇಕು. ಬೇಕಾದದ್ದನ್ನು ಇರುವುದರಿಂದ ಭಾಗಿಸು ಎಂಬ ಆ ಸೂತ್ರವನ್ನೇ ಇವತ್ತೂ ಕಲಿಸುತ್ತಾರೆ. ಭಿನ್ನರಾಶಿಯ ಕಾಟ ಮಾತ್ರ ಹೋಯಿತು, ಪುಣ್ಯ.

ಆಗಿನ ಔಷಧಿಯ ರಾಜ್ಯ ಕಂಪೌಂಡರನದು. 1948ರ ಫಾರ್ಮಸಿ ಕಾಯ್ದೆ ಬಂದ ಮೇಲೆ ಹೆಸರು ಫಾರ್ಮಸಿಸ್ಟ್ ಎಂದಾದರೂ ಜನರ ಬಾಯಲ್ಲಿ ಕಂಪೌಂಡರೇ. ಕಿಟಕಿಯಿಂದ "ಬಾಟ್ಲಿ ತಂದಿದ್ದೀಯೇನಜ್ಜಿ?" ಎಂಬ ಕೂಗು. ಅಜ್ಜಿ ಸೆರಗಿನಿಂದ ಶೀಶೆ ತೆಗೆದು ಕೊಡುವಳು. ಅಜೀರ್ಣಕ್ಕಾದರೆ ಸೋಡಾ ಬೈಕಾರ್ಬ್, ಏಲಕ್ಕಿ ಟಿಂಕ್ಚರ್, ಪೆಪ್ಪರ್‌ಮಿಂಟ್ ನೀರು ಸೇರಿಸಿದ ಕಾರ್ಮಿನೇಟಿವ್ ಮಿಕ್ಸ್ಚರು. ಶೀಶೆಯ ಬದಿಗೆ ಅಂಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಒಂದೊಂದು ಕಚ್ಚು ಒಂದೊಂದು ಡೋಸು. ಓದು ಬಾರದವರಿಗೆ ಇದಕ್ಕಿಂತ ಒಳ್ಳೆಯ ಲೇಬಲ್ಲನ್ನು ನಾನು ನೋಡಿಲ್ಲ. ಈಗಿನ ಮಾತ್ರೆ ಹಾಳೆಯ ಹಿಂದೆ ಇರುವೆ ಕಾಲಿನಂಥ ಅಕ್ಷರದಲ್ಲಿ ಇಂಗ್ಲಿಷ್ ಅಚ್ಚು ಹಾಕುವವರು ಆ ಕಾಗದದ ಪಟ್ಟಿಯನ್ನು ಒಮ್ಮೆ ನೋಡಬೇಕಿತ್ತು.

"ಚೆನ್ನಾಗಿ ಅಲ್ಲಾಡಿಸಿ" ಎಂಬ ಚೀಟಿಗೂ ಒಂದು ಕಥೆಯಿದೆ. ಫಾರ್ಮಸಿ ಓದಿದವರೆಲ್ಲ ಬಲ್ಲ ಉದಾಹರಣೆ ಸ್ಟ್ರಿಕ್ನಿನ್ನಿನದು. ಹಿಂದೆ ಅದನ್ನು ಟಾನಿಕ್ಕಾಗಿ ಅತಿ ಸ್ವಲ್ಪ ಪ್ರಮಾಣದಲ್ಲಿ ಕೊಡುತ್ತಿದ್ದರು. ಅದೇ ಶೀಶೆಗೆ ಬ್ರೋಮೈಡ್ ಸೇರಿಸಿದರೆ ಸ್ಟ್ರಿಕ್ನಿನ್ ಕಾಳುಗಟ್ಟಿ ತಳಕ್ಕೆ ಇಳಿಯುತ್ತದೆ. ಮೊದಲ ಡೋಸುಗಳಲ್ಲಿ ಬರೀ ನೀರು, ಕೊನೆಯ ಡೋಸಿನಲ್ಲಿ ಇಡೀ ಶೀಶೆಯ ವಿಷ.

ವಿಷದ ಶೀಶೆಗಳೇ ಬೇರೆ ಇದ್ದವು. ಆರು ಮೂಲೆಯ, ಮೈಮೇಲೆ ಉದ್ದುದ್ದ ಏಣುಗಳಿದ್ದ, ಹಸಿರೋ ನೀಲಿಯೋ ಬಣ್ಣದ ಗಾಜು. ರಾತ್ರಿ ಪಾಳಿಯಲ್ಲಿ ಲಾಟೀನಿನ ಬೆಳಕಿನಲ್ಲಿ ಕೈಹಾಕಿದರೂ ಇದು ಕುಡಿಸುವುದಲ್ಲ ಎಂದು ಬೆರಳಿಗೇ ತಿಳಿಯಬೇಕು. ಕುಡಿಸುವ ಔಷಧಿಗೆ ಬೇರೆ ಶಿಸ್ತು. ಕಪಾಟಿನಿಂದ ತೆಗೆಯುವಾಗ ಒಮ್ಮೆ ಲೇಬಲ್ ಓದು, ಬಗ್ಗಿಸುವ ಮುಂಚೆ ಒಮ್ಮೆ ಓದು, ಮತ್ತೆ ಇಡುವಾಗ ಇನ್ನೊಮ್ಮೆ ಓದು. ಬಗ್ಗಿಸುವಾಗ ಲೇಬಲ್ ಅಂಗೈಯೊಳಗೆ ಇರಲಿ, ಔಷಧಿ ಸೋರಿ ಅಕ್ಷರ ಅಳಿಸಬಾರದು. ಔನ್ಸ್ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿ. ಪುಸ್ತಕದಲ್ಲಿ ಈಗ ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು ಎಂದು ಪಟ್ಟಿಯಿದೆ, ಪಟ್ಟಿ ಬೆಳೆಯುತ್ತಲೂ ಇದೆ. ನಮಗೆ ಪಟ್ಟಿ ಗೊತ್ತಿರಲಿಲ್ಲ, ಕೈಗೆ ಅಭ್ಯಾಸವಿತ್ತು. ಯಾವುದು ಮೇಲು ಎಂದು ಕೇಳಿದರೆ ಅಭ್ಯಾಸ ಎನ್ನುತ್ತೇನೆ.

ಗಾಜಿನ ಸಿರಿಂಜ್ ಕುದಿಸಿದ್ದು, ಸೂಜಿಯ ಮೊನೆಯನ್ನು ಕಲ್ಲಿಗೆ ಮಸೆದದ್ದು, ತೂತಿನೊಳಗೆ ತಂತಿ ತೂರಿಸಿಟ್ಟದ್ದು ಎಲ್ಲ ನನ್ನ ಓರಗೆಯವರು ಹೇಳಿ ಹೇಳಿ ಸವೆದಿರುವ ಮಾತು. ಅದನ್ನು ಬಿಟ್ಟು ಇನ್ಸುಲಿನ್‌ಗೆ ಬರುತ್ತೇನೆ, ಅಳತೆಯ ಜಗಳ ಇನ್ನೂ ಮುಗಿಯದೆ ಇರುವುದು ಅಲ್ಲಿ.

1922ರಲ್ಲಿ ಟೊರಾಂಟೋದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಕೊಟ್ಟರು. ತಯಾರಿಕೆ ಸುಧಾರಿಸಿದಂತೆ ಅದರ ಗಾಢತೆ ಏರುತ್ತಾ ಹೋಯಿತು. ಒಂದು ಮಿಲಿಲೀಟರಿಗೆ 20 ಯೂನಿಟ್, ಆಮೇಲೆ 40, ಆಮೇಲೆ 80. ಬ್ರಿಟನ್ನಿನ ಸಿರಿಂಜ್ ಮಾತ್ರ ಮೊದಲಿನದೇ, ಮಿಲಿಲೀಟರಿಗೆ 20 ಗೆರೆ. 40ರ ಬಾಟಲಿಯಾದರೆ ಒಂದು ಗೆರೆಗೆ ಎರಡು ಯೂನಿಟ್, 80ರದ್ದಾದರೆ ನಾಲ್ಕು. ಡಾಕ್ಟರ್ ಯೂನಿಟ್ ಹೇಳುವುದು, ರೋಗಿ ಗೆರೆ ಎಣಿಸುವುದು. ಈ ಗೊಂದಲ ಸಾಕಾಗಿ ಬ್ರಿಟನ್ 1983ರಲ್ಲಿ ಎಲ್ಲವನ್ನೂ 100ಕ್ಕೆ ತಂದು ಸಿರಿಂಜನ್ನೂ ಬದಲಾಯಿಸಿತು.

ನಮ್ಮಲ್ಲಿ 40 ಉಳಿಯಿತು, 100 ಕೂಡ ಬಂತು. ಆಸ್ಪತ್ರೆಯ ಬಾಟಲಿ ಹೆಚ್ಚಾಗಿ 40ರದ್ದು, ಪೆನ್ನಿನ ಕಾರ್ಟ್ರಿಜ್ 100ರದ್ದು, ಕೆಲವು ಬಾಟಲಿಗಳೂ 100ರವು. ಸಿರಿಂಜ್‌ನಲ್ಲೂ ಎರಡು ಬಗೆ. 100ರ ಇನ್ಸುಲಿನ್ನನ್ನು 40ರ ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ರೋಗಿ ಬೆವೆತು, ಪ್ರಜ್ಞೆ ತಪ್ಪಿ, ಹೋಗಿಯೂಬಿಡಬಹುದು. ತಿರುವುಮುರುವಾದರೆ ಬರೀ 8 ಯೂನಿಟ್, ಸಕ್ಕರೆ ಇಳಿಯುವುದಿಲ್ಲ, ನಾಳೆ ಡಾಕ್ಟರ್ ಡೋಸು ಏರಿಸುತ್ತಾರೆ. ಇದರ ಮೇಲೆ ಕೈಬರಹದ ಕಾಟ. ಯೂನಿಟ್ ಎನ್ನುವುದಕ್ಕೆ ಇಂಗ್ಲಿಷಿನ ಒಂದೇ ಅಕ್ಷರ ಬರೆದರೆ ಅದು ಸೊನ್ನೆಯಂತೆ ಕಂಡು 10 ಇದ್ದದ್ದು 100 ಆಗುತ್ತದೆ. ಅದಕ್ಕೇ ಯೂನಿಟ್ ಎಂದು ಪೂರ್ತಿ ಬರೆಯಬೇಕೆಂಬ ನಿಯಮ. ಎರಡು ಬಗೆಯ ಬಾಟಲಿಯನ್ನೂ ಇನ್ನೂ ಮಾರುತ್ತಿರುವುದು ತಪ್ಪು ಎಂದೇ ನಾನು ಹೇಳುತ್ತೇನೆ. ಗ್ರೇನನ್ನು ಬಿಡಲು ಪಟ್ಟ ಪಾಡನ್ನು ಕಂಡ ದೇಶ ಇದನ್ನು ಯಾವಾಗಲೋ ಮುಗಿಸಬೇಕಿತ್ತು.

ಅಲ್ಲಿಯವರೆಗೆ, ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರಿದ್ದರೆ ಈಗಲೇ ಎದ್ದು ಫ್ರಿಜ್ಜಿನಲ್ಲಿರುವ ಬಾಟಲಿ ನೋಡಿ. ಅದರ ಮೇಲೆ ಮಿಲಿಲೀಟರಿಗೆ 40 ಎಂದಿದ್ದರೆ ಕೆಂಪು ಮುಚ್ಚಳದ ಸಿರಿಂಜೇ ಆಗಬೇಕು, 100 ಎಂದಿದ್ದರೆ ಕಿತ್ತಳೆ ಮುಚ್ಚಳದ್ದು. ಮುಚ್ಚಳದ ಬಣ್ಣವನ್ನಷ್ಟೇ ನಂಬಬೇಡಿ, ಸಿರಿಂಜಿನ ಮೇಲಿರುವ ಅಂಕಿಯನ್ನೂ ಓದಿ. ಅಂಗಡಿಯವನು ಬೇರೆಯದು ಕೊಟ್ಟು "ಎಲ್ಲಾ ಒಂದೇ ಅಮ್ಮ" ಎಂದರೆ ಹಿಂದಕ್ಕೆ ಕೊಟ್ಟು ಬನ್ನಿ.