ಅರವಟ್ಟಿಗೆಯ ಬಿದಿರು

ಯುಗಾದಿ ಮುಗಿದ ಕೂಡಲೇ ಅಜ್ಜಿ ಹೊಸ ಹರವಿಗಳನ್ನು ಒಂದು ರಾತ್ರಿ ನೆನೆಹಾಕಿ, ಅಗಸಿಯ ಹೊರಗಿನ ಬೇವಿನ ಗಿಡದ ಬುಡದಲ್ಲಿ ಉಸುಕು ಹಾಸಿ ಕೂರಿಸುತ್ತಿದ್ದಳು. ಹಸಿ ಉಸುಕು, ಒದ್ದೆ ಬಟ್ಟೆ, ಮಣ್ಣಿನ ಮೈಯಿಂದ ಒಸರಿ ಆರುವ ನೀರು: ತಂಪಿಗೆ ಇಷ್ಟೇ ಸಾಕಿತ್ತು. ಮಿರಗದ ಮಳೆ ಬೀಳುವ ತನಕ ನಮ್ಮ ಅರವಟ್ಟಿಗೆ ನಡೆಯುತ್ತಿತ್ತು.

ವಿಜಯಪುರದ ಬಯಲಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂತೆಗೆ ನಡೆದು ಬಂದವರನ್ನು ಅಜ್ಜಿ ಮೊದಲು ನೆರಳಿಗೆ ಕೂರಿಸಿ, ಬೆಲ್ಲದ ಚೂರು ಕೊಟ್ಟು, ಏದುಸಿರು ಇಳಿದ ಮೇಲೆ ನೀರು ಕೊಡುತ್ತಿದ್ದಳು. ತೀರ ಬಳಲಿದವರಿಗೆ ಉಪ್ಪು ಹಾಕಿದ ಮಜ್ಜಿಗೆ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ಸಿಹಿಯ ಅಂಶವಿದ್ದರೆ ಕರುಳು ಉಪ್ಪು ನೀರು ಎರಡನ್ನೂ ಬೇಗ ಹೀರುತ್ತದೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಅರವಟ್ಟಿಗೆ ಹಳಗನ್ನಡದಲ್ಲಿ ‘ಅಱವಟ್ಟಿಗೆ’. ‘ಅಱ’ ಎಂದರೆ ಧರ್ಮ. ತಮಿಳಿನ ‘ಅಱಂ’ ಅದರ ಒಡಹುಟ್ಟು. ಕೆರೆ, ಬಾವಿ, ಸತ್ರಗಳಂತೆ ಅರವಟ್ಟಿಗೆಗೂ ಭೂಮಿ ದತ್ತಿ ಬಿಟ್ಟದ್ದನ್ನು ನಮ್ಮ ಶಾಸನಗಳು ಹೇಳುತ್ತವೆ. ನೀರು ಹೊರುವವರ ಹೊಟ್ಟೆ ತುಂಬಿದರೆ ತಾನೇ ದಾರಿಹೋಕರ ದಾಹ ತೀರುವುದು? ಮರಾಠಿಯವರ ಪಾಣಪೋಯಿ, ತೆಲುಗರ ಚಲಿವೇಂದ್ರಂ ಇದೇ ಧರ್ಮದವು.

ಆದರೆ ಆ ಧರ್ಮದ ನಡುವೆ ಒಂದು ಬಿದಿರಿನ ಸೀಳು ಇತ್ತು. ನಮ್ಮ ಅರವಟ್ಟಿಗೆಯಲ್ಲೂ ಇತ್ತು. ಕೆಲವರಿಗೆ ಲೋಟ, ಕೆಲವರಿಗೆ ಬೊಗಸೆ. ಬೊಗಸೆಯವರು ದೂರದಲ್ಲಿ ಬಗ್ಗಿ ನಿಲ್ಲಬೇಕು, ಬಿದಿರಿನಲ್ಲಿ ಹರಿದು ಬಂದ ನೀರನ್ನು ಕುಡಿಯಬೇಕು. ಅರ್ಧ ನೀರು ಮೊಣಕೈಯಿಂದ ನೆಲಕ್ಕೆ ಇಳಿಯುತ್ತಿತ್ತು. ಹೆಚ್ಚು ಹೊತ್ತು ಬಿಸಿಲಲ್ಲಿ ದುಡಿದವರೇ ಅವರು.

ಸಾರ್ವಜನಿಕ ಹಣದ ಬಾವಿ, ಕೆರೆ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ 1923ರಲ್ಲೇ ಎಸ್.ಕೆ. ಬೋಲೆಯವರ ಠರಾವನ್ನು ಒಪ್ಪಿತ್ತು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಠರಾವು ಕಾಗದದಲ್ಲೇ ಉಳಿದದ್ದಕ್ಕೇ 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿಯಬೇಕಾಯಿತು. 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯ್ದೆ ಬಂತು. ನಮ್ಮ ಬಿದಿರು ಅದರ ನಂತರವೂ ಗಿಡಕ್ಕೆ ಒರಗಿಯೇ ಇತ್ತು.

ನಾನು ಆರನೇ ಇಯತ್ತೆಯಲ್ಲಿದ್ದ ಬೇಸಿಗೆ ಅಪ್ಪ ಅದನ್ನು ಮುರಿದು ಒಲೆಗೆ ಹಾಕಿದ. ಅಜ್ಜಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಹರವಿ ತುಂಬಿದಳು. ಅಂದು ಕೂಲಿಯಿಂದ ಬಂದ ಮುದುಕನೊಬ್ಬ ಅಭ್ಯಾಸದಂತೆ ದೂರ ನಿಂತು ಬಗ್ಗಿ ಬೊಗಸೆ ಒಡ್ಡಿದ. ಅಪ್ಪ ಹತ್ತಿರ ಹೋಗಿ ಆ ಕೈಗಳಲ್ಲಿ ಲೋಟ ಇಟ್ಟ. ನೀರು ಮುಗಿಯುವವರೆಗೂ ಮುದುಕ ಅಪ್ಪನ ಮುಖದಿಂದ ಕಣ್ಣು ತೆಗೆಯಲಿಲ್ಲ.