ತೇದಿಯಿಲ್ಲದ ಶಾಸನ, ತೇದಿಯಿಲ್ಲದ ನಕ್ಷತ್ರ

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಪರಿಸರದ ದತ್ತಿಶಾಸನಗಳನ್ನು ಓದಿದವರಿಗೆ ಎರಡು ಸಂಗತಿಗಳು ಚಿರಪರಿಚಿತ. ಶಿಲೆಯ ಮೇಲ್ಭಾಗದಲ್ಲಿ ಲಿಂಗ, ಹಸು-ಕರುಗಳೊಡನೆ ಸೂರ್ಯಚಂದ್ರರನ್ನು ಬಿಡಿಸುವುದು ಒಂದು. ಬಿಟ್ಟ ಭೂಮಿಯು ‘ಆಚಂದ್ರಾರ್ಕ’ವಾಗಿ ಸಲ್ಲಬೇಕೆಂದು ಬರೆಯುವುದು ಇನ್ನೊಂದು. ಚೌಡಯ್ಯದಾನಪುರದ ಮುಕ್ತೇಶ್ವರ, ಹಾವೇರಿಯ ಸಿದ್ಧೇಶ್ವರ ಮೊದಲಾದ ದೇವಾಲಯಗಳನ್ನು ಕಟ್ಟಿಸಿದ ಕಾಲದ ಜನರಿಗೆ ಸೂರ್ಯನು ಕಾಲದ ಮೇರೆ. ಆ ಮೇರೆ ಎಷ್ಟು ದೂರದ್ದೆಂದು ಅವರು ಲೆಕ್ಕವಿಡಲಿಲ್ಲ. ಇಡುವ ಅಗತ್ಯವೂ ಇರಲಿಲ್ಲ. ಆ ಲೆಕ್ಕವು ವಿಜ್ಞಾನಕ್ಕೆ ದಕ್ಕಿದ ಬಗೆಯನ್ನು, ಅದರಲ್ಲಿಯೂ ಸೂರ್ಯನಂತಹ ಇತರ ನಕ್ಷತ್ರಗಳ ವಯಸ್ಸು, ತೂಕ, ಗಾತ್ರಗಳನ್ನು ಅವುಗಳ ಕಂಪನದಿಂದ ತಿಳಿಯುವ ವಿಧಾನದ ಇತಿಹಾಸವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಇತಿಹಾಸದ ವಿದ್ಯಾರ್ಥಿಗೆ ಈ ವಿಷಯ ಹೊರಗಿನದೆಂದು ತೋರಬಹುದು. ಆದರೆ ಇಲ್ಲಿ ಬಳಕೆಯಾಗುವ ತರ್ಕವು ಶಾಸನತಜ್ಞನ ತರ್ಕವೇ ಆಗಿದೆ.

ತೇದಿಯುಳ್ಳ ಶಾಸನದಲ್ಲಿ ಶಕವರ್ಷ, ತಿಥಿ, ವಾರ, ಕೆಲವೊಮ್ಮೆ ಗ್ರಹಣ ಅಥವಾ ಸಂಕ್ರಾಂತಿಯ ಉಲ್ಲೇಖ ಇರುತ್ತದೆ. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಭಾಗವೂ ಒಳಗೊಂಡಂತೆ ಕನ್ನಡ ಜಿಲ್ಲೆಗಳ ಶಾಸನಗಳನ್ನು ಜೆ. ಎಫ್. ಫ್ಲೀಟ್ ಅಭ್ಯಸಿಸಿದರು. 1896ರಲ್ಲಿ ರಾಬರ್ಟ್ ಸ್ಯೂಯೆಲ್ ಮತ್ತು ಶಂಕರ ಬಾಳಕೃಷ್ಣ ದೀಕ್ಷಿತರು ಪ್ರಕಟಿಸಿದ ಭಾರತೀಯ ಪಂಚಾಂಗದ ಕೋಷ್ಟಕಗಳು, ಅನಂತರ ಸ್ವಾಮಿಕಣ್ಣು ಪಿಳ್ಳೆಯವರ ಗಣನೆಗಳು ಇಂತಹ ತೇದಿಗಳನ್ನು ಒರೆಗೆ ಹಚ್ಚಲು ನೆರವಾದವು. ತೇದಿಯೇ ಇಲ್ಲದ ಶಾಸನದ ಪರಿ ಬೇರೆ. ಅಲ್ಲಿ ಅಕ್ಷರದ ತಿರುವು, ಭಾಷೆಯ ರೂಪ ಮುಂತಾದ ಒಳಸಾಕ್ಷ್ಯಗಳನ್ನು ತೇದಿಯುಳ್ಳ ಇನ್ನೊಂದು ಶಾಸನದೊಡನೆ ಹೋಲಿಸಿ ಕಾಲವನ್ನು ನಿರ್ಧರಿಸಬೇಕಾಗುತ್ತದೆ.

ಆಕಾಶದ ನಕ್ಷತ್ರಗಳೆಲ್ಲವೂ ತೇದಿಯಿಲ್ಲದ ಶಾಸನಗಳು. ಸೂರ್ಯನಂತಹ ನಕ್ಷತ್ರವು ತನ್ನ ಗರ್ಭದ ಜಲಜನಕವನ್ನು ಹೀಲಿಯಂ ಆಗಿ ಮಾರ್ಪಡಿಸುತ್ತ ನೂರಾರು ಕೋಟಿ ವರ್ಷ ಬೆಳಗುತ್ತದೆ. ಆ ಅವಧಿಯಲ್ಲಿ ಅದರ ಬಣ್ಣ, ಹೊಳಪುಗಳು ಬದಲಾಗುವುದು ಬಹು ನಿಧಾನ. ಹೊರಗಿನಿಂದ ನೋಡಿ ಪ್ರಾಯ ಹೇಳುವುದು ದುಸ್ತರ. ತೇದಿ ತಿಳಿದಿರುವ ನಕ್ಷತ್ರವೆಂದರೆ ಸೂರ್ಯನೊಂದೇ. ಅದೂ ಸುಲಭವಾಗಿ ತಿಳಿದುದಲ್ಲ. 1862ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದಿನ ಲಾರ್ಡ್ ಕೆಲ್ವಿನ್, ಸೂರ್ಯನು ಭೂಮಿಯನ್ನು 10 ಕೋಟಿ ವರ್ಷಗಳಿಂದ ಬೆಳಗಿರಲಾರನೆಂದು ಅಂದಾಜಿಸಿದ್ದನು. ಪರಮಾಣು ಬೀಜದ ಶಕ್ತಿ ಅಂದು ಅಜ್ಞಾತ. ಸೌರಮಂಡಲದೊಡನೆ ಹುಟ್ಟಿದ ಉಲ್ಕಾಶಿಲೆಗಳ ವಿಕಿರಣ ಧಾತುಗಳನ್ನು ಅಳೆದ ಮೇಲೆ ಆ ವಯಸ್ಸು ಸುಮಾರು 457 ಕೋಟಿ ವರ್ಷವೆಂದು ಸ್ಥಿರವಾಯಿತು.

ನಕ್ಷತ್ರದ ಒಳಸಾಕ್ಷ್ಯವನ್ನು ಓದುವ ವಿದ್ಯೆ ಸೂರ್ಯನಿಂದಲೇ ಆರಂಭವಾಯಿತು. ಬೆಳಕಿನ ರೋಹಿತದಲ್ಲಿರುವ ಕಪ್ಪುಗೆರೆಗಳು ಅತ್ತಿತ್ತ ಸರಿಯುವುದನ್ನು ಗಮನಿಸಿ ಸೂರ್ಯನ ಮೇಲ್ಮೈ ಅನಿಲದ ಚಲನೆಯನ್ನು ಅಳೆಯಬಹುದು. ದಕ್ಷಿಣ ಭಾರತಕ್ಕೆ ಈ ಕ್ರಮ ಹೊಸದಲ್ಲ. ಕೊಡೈಕನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್ 1909ರಲ್ಲಿ ಸೌರಕಲೆಗಳಿಂದ ಅನಿಲವು ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದುದು ಇದೇ ಕ್ರಮದಿಂದ. ಆ ವೀಕ್ಷಣಾಲಯವು 1971ರಲ್ಲಿ ಸ್ವಾಯತ್ತವಾದ ಭಾರತೀಯ ಖಭೌತ ಸಂಸ್ಥೆಯ ಅಂಗವಾಗಿದ್ದು, ಸಂಸ್ಥೆಯ ಕೇಂದ್ರ ಬೆಂಗಳೂರಿನಲ್ಲಿದೆ. ಅಮೆರಿಕದ ಮೌಂಟ್ ವಿಲ್ಸನ್ನಿನಲ್ಲಿ ರಾಬರ್ಟ್ ಲೈಟನ್, ರಾಬರ್ಟ್ ನಾಯ್ಸ್ ಮತ್ತು ಜಾರ್ಜ್ ಸೈಮನ್ ಇದೇ ಮಾರ್ಗದಲ್ಲಿ ಮುಂದುವರಿದು, ಸೂರ್ಯನ ಮೇಲ್ಮೈಯು ಸುಮಾರು ಐದು ನಿಮಿಷಕ್ಕೊಮ್ಮೆ ಏರಿಳಿಯುವುದನ್ನು 1962ರಲ್ಲಿ ವಿವರವಾಗಿ ಪ್ರಕಟಿಸಿದರು.

ಅವರು ಕಂಡದ್ದೇನೆಂಬುದು ಎಂಟು ವರ್ಷ ಸ್ಪಷ್ಟವಾಗಲಿಲ್ಲ. ಮೇಲ್ಪದರದ ಕುದಿತವೇ ಇದಕ್ಕೆ ಕಾರಣ, ಇದು ಸ್ಥಳೀಯ ಅಲುಗಾಟ ಎಂಬ ಭಾವನೆ ಪ್ರಬಲವಾಗಿತ್ತು. 1970ರಲ್ಲಿ ರೋಜರ್ ಉಲ್‌ರಿಚ್, ಮರುವರ್ಷ ಲೈಬಾಕರ್ ಮತ್ತು ಸ್ಟೈನ್ ಇದು ಸೂರ್ಯನೊಳಗೆ ಸಿಲುಕಿದ ಶಬ್ದತರಂಗಗಳ ಪರಿಣಾಮವೆಂದು ವಾದಿಸಿದರು. 1975ರಲ್ಲಿ ಡಾಯ್ಬ್ನರ್ ಅವರ ವೀಕ್ಷಣೆ ಅದನ್ನು ಸಮರ್ಥಿಸಿತು. ಕುದಿಯುವ ಪದರದಲ್ಲಿ ಹುಟ್ಟಿದ ಶಬ್ದ ಒಳಕ್ಕಿಳಿಯುತ್ತದೆ. ಆಳದಲ್ಲಿ ಉಷ್ಣತೆ ಹೆಚ್ಚಿದಂತೆ ಅದರ ವೇಗ ಹೆಚ್ಚಿ, ಹಾದಿ ಬಾಗಿ ಮತ್ತೆ ಮೇಲಕ್ಕೆ ಬರುತ್ತದೆ. ಮೇಲ್ಮೈಯಲ್ಲಿ ಪ್ರತಿಫಲಿಸಿ ಪುನಃ ಇಳಿಯುತ್ತದೆ. ಕೆಲವು ತರಂಗಗಳು ಮೇಲುಮೇಲಕ್ಕಷ್ಟೇ ಸುಳಿಯುತ್ತವೆ, ಕೆಲವು ಗರ್ಭವನ್ನೇ ಮುಟ್ಟುತ್ತವೆ. ಗಂಟೆಯ ನಾದವನ್ನು ಕೇಳಿಯೇ ಅದರ ಗಾತ್ರವನ್ನೂ ಒಡಕನ್ನೂ ಊಹಿಸಬಲ್ಲ ಕಂಚುಗಾರನ ಕಿವಿ ಇಲ್ಲಿ ಬೇಕು.

ಸ್ವರಗಳ ನಡುವಿನ ಅಂತರಗಳೇ ಇಲ್ಲಿನ ಲಿಪಿಲಕ್ಷಣ. ಒಂದರ ಮೇಲೊಂದು ಬರುವ ಸ್ವರಗಳ ‘ಹಿರಿಯ ಅಂತರ’ ಸೂರ್ಯನಲ್ಲಿ ಸುಮಾರು 135 ಮೈಕ್ರೋಹರ್ಟ್ಸ್. ಎಂದರೆ ಶಬ್ದವು ಸೂರ್ಯನನ್ನು ಆಚೆಯಿಂದ ಈಚೆಗೆ ದಾಟಲು ಎರಡು ಗಂಟೆಗಳಿಗಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಇದು ನಕ್ಷತ್ರದ ಸರಾಸರಿ ಸಾಂದ್ರತೆಯನ್ನು ತಿಳಿಸುತ್ತದೆ. ಗರ್ಭವನ್ನು ಮುಟ್ಟುವ ಸ್ವರಗಳ ‘ಕಿರಿಯ ಅಂತರ’ ಇನ್ನೂ ಸೂಕ್ಷ್ಮ. ಗರ್ಭದಲ್ಲಿ ಹೀಲಿಯಂ ಹೆಚ್ಚಿದಂತೆ ಅಲ್ಲಿನ ಶಬ್ದವೇಗ ತಗ್ಗಿ ಈ ಅಂತರ ಕುಗ್ಗುತ್ತದೆ. ವಯಸ್ಸು ಬರೆದಿರುವುದು ಇಲ್ಲಿಯೇ.

ಈ ಸೂಕ್ಷ್ಮಗಳನ್ನು ಬಿಡಿಸಿ ಓದಲು ಎಡೆಬಿಡದ ವೀಕ್ಷಣೆ ಅಗತ್ಯ. ಸೂರ್ಯಾಸ್ತವೇ ಅದಕ್ಕೆ ಅಡ್ಡಿ. 1980ರ ಆರಂಭದ ದಿನಗಳಲ್ಲಿ ಗ್ರೆಕ್, ಫೊಸಾ ಮತ್ತು ಪಾಮರಾಂಟ್ಜ್ ಸೂರ್ಯ ಮುಳುಗದ ದಕ್ಷಿಣ ಧ್ರುವದಲ್ಲಿ ಸತತ ಐದು ದಿನ ವೀಕ್ಷಿಸಿದರು. ಶಾಶ್ವತ ಪರಿಹಾರವಾಗಿ ಭೂಮಿಯ ಸುತ್ತ ಆರು ಕಡೆ ಒಂದೇ ಬಗೆಯ ಉಪಕರಣಗಳನ್ನಿಟ್ಟ ‘ಗಾಂಗ್’ ಜಾಲ 1995ರಲ್ಲಿ ಪೂರ್ಣವಾಗಿ ಕಾರ್ಯಾರಂಭ ಮಾಡಿತು. ಅದರಲ್ಲೊಂದು ಉದಯಪುರದ್ದು. ಅರವಿಂದ ಭಟ್ನಾಗರ್ ಅವರು ಫತೇಹ್‌ಸಾಗರ ಕೆರೆಯ ನಡುಗಡ್ಡೆಯಲ್ಲಿ 1970ರ ದಶಕದಲ್ಲಿ ಸ್ಥಾಪಿಸಿದ ಸೌರ ವೀಕ್ಷಣಾಲಯವು ಭಾರತದ ಹಗಲನ್ನು ಈ ಜಾಲಕ್ಕೆ ಜೋಡಿಸಿತು.

ಸೂರ್ಯನ ಕುದಿಯುವ ಪದರದ ತಳವು ಕೇಂದ್ರದಿಂದ ತ್ರಿಜ್ಯದ 0.713ರಷ್ಟು ದೂರದಲ್ಲಿದೆಯೆಂದು ಹೀಗೆ ತಿಳಿದುಬಂದಿತು. ಹೊರಪದರದ ಹೀಲಿಯಂ ತೂಕದ ಕಾಲುಭಾಗದಷ್ಟಿದೆಯೆಂಬುದನ್ನು ನಿಷ್ಕರ್ಷಿಸಿದವರಲ್ಲಿ ಸರ್ಬಾಣಿ ಬಸು ಮತ್ತು ಮುಂಬಯಿಯ ಎಚ್. ಎಂ. ಆಂಟಿಯಾ ಪ್ರಮುಖರು. ಬೆಂಗಳೂರಿನ ಖಭೌತ ಸಂಸ್ಥೆಯ ಎಸ್. ಪಿ. ರಾಜಗುರು ಅವರು ಆಂಟಿಯಾ ಅವರೊಡನೆ 2015ರಲ್ಲಿ ಸೂರ್ಯನೊಳಗೆ ಧ್ರುವ ಮತ್ತು ಸಮಭಾಜಕಗಳ ನಡುವೆ ಸುತ್ತುವ ಪ್ರವಾಹವನ್ನು ಶಬ್ದತರಂಗಗಳಿಂದಲೇ ಗುರುತಿಸಿದರು.

ದೂರದ ನಕ್ಷತ್ರಗಳಲ್ಲಿ ಈ ಕಂಪನ ಅತ್ಯಲ್ಪ. ಹೊಳಪಿನ ವ್ಯತ್ಯಾಸ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ನೆರೆಯ ಆಲ್ಫಾ ಸೆಂಟಾರಿಯ ಸ್ವರಗಳನ್ನು ಬೂಶಿ ಮತ್ತು ಕ್ಯಾರಿಯರ್ 2001ರಲ್ಲಿ ಸ್ಪಷ್ಟವಾಗಿ ಹಿಡಿದರು. ವಾಯುಮಂಡಲದ ಆಚೆ ಹೋದಾಗಲೇ ಸಮೃದ್ಧಿ. 2006ರ ಕೊನೆಯಲ್ಲಿ ‘ಕೊರೊ’, 2009ರಲ್ಲಿ ‘ಕೆಪ್ಲರ್’ ಉಡಾವಣೆಗೊಂಡವು. 2011ರಲ್ಲಿ ವಿಲಿಯಂ ಚಾಪ್ಲಿನ್ ಮತ್ತು ಸಂಗಡಿಗರು ಕೆಪ್ಲರಿನಿಂದ ಸುಮಾರು 500 ಸೌರಸದೃಶ ನಕ್ಷತ್ರಗಳ ಕಂಪನವನ್ನು ವರದಿ ಮಾಡಿದರು.

ಈ ಕಾಲಗಣನೆಯನ್ನು ನಂಬಬಹುದೇ? ಒಬ್ಬನೇ ಲಿಪಿಕಾರನ ಎರಡು ಶಾಸನಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿದರೆ ಒಂದೇ ಕಾಲ ಬರಬೇಕು. ಹಂಸ ನಕ್ಷತ್ರಪುಂಜದ ‘16 ಸಿಗ್ನಿ’ ಎಂಬ ಜೋಡಿಯಲ್ಲಿ ಅಂತಹ ಪರೀಕ್ಷೆ ನಡೆಯಿತು. ಒಟ್ಟಿಗೆ ಹುಟ್ಟಿದ ಆ ಎರಡು ನಕ್ಷತ್ರಗಳ ಸ್ವರಗಳನ್ನು 2012ರಲ್ಲಿ ಟ್ರಾವಿಸ್ ಮೆಟ್‌ಕಾಫ್ ಮೊದಲಾದವರು ಬೇರೆಬೇರೆಯಾಗಿ ವಿಶ್ಲೇಷಿಸಿದಾಗ ಎರಡಕ್ಕೂ ಸುಮಾರು 680 ಕೋಟಿ ವರ್ಷ ಬಂದಿತು. ಐದು ಪುಟ್ಟ ಗ್ರಹಗಳುಳ್ಳ ‘ಕೆಪ್ಲರ್-444’ಕ್ಕೆ 2015ರಲ್ಲಿ ಸುಮಾರು 1,120 ಕೋಟಿ ವರ್ಷಗಳ ವಯಸ್ಸು ನಿರ್ಧಾರವಾಯಿತು. ಸೂರ್ಯ ಹುಟ್ಟುವ ಎಷ್ಟೋ ಮೊದಲೇ ಅಲ್ಲಿ ಗ್ರಹಗಳು ಸುತ್ತುತ್ತಿದ್ದವು.

ಆದರೆ ಲಿಪಿಯಿಂದ ಕಾಲ ಹೇಳುವವನು ಮಾದರಿ ಶಾಸನವನ್ನು ಸರಿಯಾಗಿ ಓದಿರಬೇಕಷ್ಟೆ. ಇಲ್ಲಿ ಮಾದರಿಯಾದ ಸೂರ್ಯನಲ್ಲಿಯೇ ಒಂದು ಪಾಠಭೇದ ಉಳಿದಿದೆ. 2000ದ ದಶಕದಲ್ಲಿ ಮಾರ್ಟಿನ್ ಆಸ್‌ಪ್ಲಂಡ್ ಮತ್ತು ಸಹೋದ್ಯೋಗಿಗಳು ರೋಹಿತವನ್ನು ಹೊಸದಾಗಿ ವಿಶ್ಲೇಷಿಸಿ, ಸೂರ್ಯನಲ್ಲಿರುವ ಆಮ್ಲಜನಕ, ಇಂಗಾಲ ಮುಂತಾದವುಗಳ ಪ್ರಮಾಣವನ್ನು ಗಣನೀಯವಾಗಿ ತಗ್ಗಿಸಿದರು. ಆ ಪ್ರಮಾಣಗಳಿಂದ ಕಟ್ಟಿದ ಸೂರ್ಯನ ಗಣಿತರೂಪವು ಕಂಪನಗಳು ತೋರಿಸುವ ಒಳರಚನೆಗೆ ಹೊಂದುವುದಿಲ್ಲ. 2021ರಲ್ಲಿ ಅವರು ಕಡಿಮೆ ಪ್ರಮಾಣವನ್ನೇ ಬಹುಮಟ್ಟಿಗೆ ಎತ್ತಿಹಿಡಿದರು. 2022ರಲ್ಲಿ ಎಕಟೆರೀನಾ ಮ್ಯಾಗ್ ಮತ್ತು ಇತರರು ಅದಕ್ಕಿಂತ ಹೆಚ್ಚಿನ ಪ್ರಮಾಣವನ್ನು ಪ್ರತಿಪಾದಿಸಿದರು. ಈ ವಿವಾದದಿಂದ ಸೂರ್ಯನ ವಯಸ್ಸು ಅಲುಗಾಡದು, ಏಕೆಂದರೆ ಅದಕ್ಕೆ ಉಲ್ಕಾಶಿಲೆಗಳ ಸ್ವತಂತ್ರ ಸಾಕ್ಷ್ಯವಿದೆ. ಅಂತಹ ಎರಡನೆಯ ಸಾಕ್ಷ್ಯವಿಲ್ಲದ ಇತರ ನಕ್ಷತ್ರಗಳ ವಯಸ್ಸಿನಲ್ಲಿ ಮಾತ್ರ, ಯಾರ ಪಾಠವನ್ನು ಆಧರಿಸಿ ಗಣಿಸಲಾಗಿದೆ ಎಂಬುದನ್ನು ಸಂಶೋಧಕರು ಇಂದಿಗೂ ನಮೂದಿಸಬೇಕಾಗಿದೆ.